ಸಂವಾದದ ಕಿಟಕಿಯೂ ಅದರ ಗುಣಗಳೂ

ಗಣಕಯಂತ್ರವು ಕೆಲಸದ ನಡುವೆ ನಮ್ಮಿಂದ ಏನನ್ನಾದರೂ ಕೇಳಿ ತಿಳಿಯಬೇಕಾದಾಗ ತೆರೆಯ ಮೇಲೆ ಒಂದು ಚಿಕ್ಕ ಚೌಕವನ್ನು ಮೂಡಿಸುವುದಷ್ಟೆ. ಇದಕ್ಕೆ ಡೈಲಾಗ್, ಎಂದರೆ ಸಂವಾದದ ಕಿಟಕಿ ಎಂದು ಹೆಸರು. ಹಿಂದೆ ಇದರ ಒಂದೊಂದು ಅಂಗವನ್ನೂ ಪ್ರೋಗ್ರಾಮಿನ ಸಾಲುಗಳಲ್ಲಿಯೇ ವರ್ಣಿಸಬೇಕಾಗಿತ್ತು. 1991ರಲ್ಲಿ ವಿಷುವಲ್ ಬೇಸಿಕ್ ಬಂದ ಮೇಲೆ, ಕಿಟಕಿಯನ್ನು ಚಿತ್ರದಂತೆ ರಚಿಸಿ ಅದರ ಗುಣಗಳನ್ನು ಒಂದು ಪಟ್ಟಿಯಲ್ಲಿ ತುಂಬುವ ಪದ್ಧತಿಯು ಬಹುವಾಗಿ ಹಬ್ಬಿತು. ನಾವು ಇಲ್ಲಿ ಕ್ಯೂಟಿ ಡಿಸೈನರ್ ಎಂಬ ಸಾಧನವನ್ನು ಆರಿಸಿಕೊಳ್ಳೋಣ.

ಕಡಬದ ವಿದ್ಯಾರ್ಥಿಯೊಬ್ಬನು ಮನೆಯ ಅಡಿಕೆಯ ಲೆಕ್ಕಕ್ಕಾಗಿ ಒಂದು ಪ್ರೋಗ್ರಾಮನ್ನು ಬರೆಯುತ್ತಿರುವನೆಂದು ಭಾವಿಸಿರಿ. ಹೊಸ ಚಾಲಿ, ಹಳೆ ಚಾಲಿ, ಪಟೋರ, ಕರಿಗೋಟು ಎಂಬ ಬಗೆಯನ್ನೂ ತೂಕವನ್ನೂ ದರವನ್ನೂ ಬರೆದುಕೊಳ್ಳುವ ಕಿಟಕಿ ಅವನಿಗೆ ಬೇಕು. ಮೊದಲು ಅವನು ಹೆಸರುಗಳನ್ನು ಇಂಗ್ಲಿಷಿನಲ್ಲಿ ಬರೆದು, ಅವಕ್ಕೆ ತಕ್ಕಷ್ಟೇ ಚೌಕಗಳನ್ನು ಎಳೆದು, ಕಿಟಕಿಯ ಕನಿಷ್ಠ ಗಾತ್ರವನ್ನೂ ಗರಿಷ್ಠ ಗಾತ್ರವನ್ನೂ ಒಂದೇ ಆಗಿಸಿಬಿಡುತ್ತಾನೆ. ನೋಡಲು ಅಚ್ಚುಕಟ್ಟು! ಆದರೆ ಲೆಕ್ಕ ಬರೆಯುವವರು ಅವನ ತಂದೆಯವರು. ಅವರಿಗಾಗಿ ಹೆಸರುಗಳನ್ನು ಕನ್ನಡಕ್ಕೆ ತಿರುಗಿಸಿದೊಡನೆ ‘ಒಟ್ಟು ಮೊತ್ತ’ ಎಂಬುದು ‘ಒಟು ಮೊತ’ ಎಂದು ಕಾಣತೊಡಗುತ್ತದೆ. ಕನ್ನಡದ ಒತ್ತಕ್ಷರವು ಸಾಲಿನ ಕೆಳಗೆ ಇಳಿಯುವಂಥದು. ಇಂಗ್ಲಿಷಿನ ಎತ್ತರಕ್ಕೆ ಅಳೆದ ಚೌಕವು ಅದರ ಕಾಲನ್ನು ಕತ್ತರಿಸುತ್ತದೆ. ತಪ್ಪು ಲಿಪಿಯದಲ್ಲ, ಅಳತೆಯನ್ನು ಬಿಗಿದವನದು.

ಇದಕ್ಕೆ ಪರಿಹಾರವೆಂದರೆ ಅಳತೆಯನ್ನು ನಾವು ಹೇಳದೆ ಯಂತ್ರಕ್ಕೇ ಬಿಡುವುದು. ಕಿಟಕಿಗೆ ಒಂದು ಲೇಔಟನ್ನು, ಎಂದರೆ ಜೋಡಣೆಯ ಕ್ರಮವನ್ನು, ಕೊಟ್ಟರೆ ಪ್ರತಿಯೊಂದು ಅಂಗವೂ ತನ್ನ ಅಕ್ಷರಗಳಿಗೆ ಬೇಕಾದ ಸ್ಥಳವನ್ನು ತಾನೇ ಲೆಕ್ಕ ಹಾಕಿ ಕೇಳಿಕೊಳ್ಳುತ್ತದೆ. ‘ಸೈಜ್ ಪಾಲಿಸಿ’ ಎಂಬ ಗುಣವು ಉಳಿದ ಜಾಗದಲ್ಲಿ ಯಾವುದು ಹಿಗ್ಗಬೇಕು, ಯಾವುದು ಹಿಗ್ಗಬಾರದು ಎಂಬುದನ್ನು ತಿಳಿಸುತ್ತದೆ. ಬರೆಯುವ ಚೌಕವು ಅಡ್ಡಲಾಗಿ ಹಿಗ್ಗಲಿ. ಎತ್ತರದಲ್ಲಿ ಹಿಗ್ಗುವುದರಿಂದ ಪ್ರಯೋಜನವಿಲ್ಲ.

‘ಮೋಡಲ್’ ಎಂಬ ಗುಣಕ್ಕೆ ಗುರುತು ಹಾಕಿದರೆ, ಉತ್ತರ ದೊರೆಯುವವರೆಗೆ ಹಿಂದಿನ ಕಿಟಕಿಗಳು ಕೈಗೆ ಸಿಗುವುದಿಲ್ಲ. ಎಕ್ಸೆಕ್ ಎಂಬ ಆಜ್ಞೆಯಿಂದ ತೆರೆದ ಕಿಟಕಿ ಮಾತ್ರ ಗುರುತು ಇರಲಿ ಇಲ್ಲದಿರಲಿ ಹೀಗೆಯೇ ವರ್ತಿಸುತ್ತದೆ.

ಇನ್ನು ಎಲ್ಲಕ್ಕಿಂತ ಅಪಾಯಕರವಾದ ಗುಣವನ್ನು ನೋಡೋಣ. ಕಿಟಕಿಯಲ್ಲಿ ‘ಉಳಿಸು’, ‘ಅಳಿಸು’ ಎಂಬ ಎರಡು ಗುಂಡಿಗಳಿವೆ. ಎಂಟರ್ ಕೀಲಿಯನ್ನು ಒತ್ತಿದಾಗ ಇವುಗಳಲ್ಲಿ ಯಾವುದು ಒತ್ತಲ್ಪಡಬೇಕು? ನಾವು ಯಾವುದಕ್ಕೂ ‘ಡಿಫಾಲ್ಟ್’ ಗುರುತನ್ನು ಹಾಕದಿದ್ದರೆ, ಟ್ಯಾಬ್ ಕ್ರಮದಲ್ಲಿ ಮುಂದೆ ಸಿಗುವ ಗುಂಡಿಯೇ ಒತ್ತಲ್ಪಡುತ್ತದೆ. ಏಕೆಂದರೆ ಡೈಲಾಗಿನೊಳಗಿನ ಗುಂಡಿಗಳಿಗೆ ‘ಆಟೋ ಡಿಫಾಲ್ಟ್’ ಎಂಬ ಗುಣವು ತಾನಾಗಿಯೇ ಬಂದಿರುತ್ತದೆ. ದರದ ಚೌಕದ ಮುಂದೆ ‘ಅಳಿಸು’ ಇದ್ದರೆ, ದರ ಬರೆದು ಎಂಟರ್ ಒತ್ತಿದ ತಂದೆಯವರು ಆ ಮಾರಾಟದ ಲೆಕ್ಕವನ್ನೇ ಕಳೆದುಕೊಂಡಂತೆ! ಆದ್ದರಿಂದ ‘ಉಳಿಸು’ ಎಂಬುದಕ್ಕೆ ಡಿಫಾಲ್ಟ್ ಗುರುತನ್ನು ಹಾಕಿ, ‘ಅಳಿಸು’ ಎಂಬುದರ ಆಟೋ ಡಿಫಾಲ್ಟ್ ಗುರುತನ್ನು ತೆಗೆಯಬೇಕು. ಎಸ್ಕೇಪ್ ಕೀಲಿಯು ಕಿಟಕಿಯನ್ನು ಸುಮ್ಮನೆ ಮುಚ್ಚುತ್ತದೆ.

ಕಡೆಗೆ ಕಂಟ್ರೋಲ್ ಹಾಗೂ ಆರ್ ಕೀಲಿಗಳನ್ನು ಒಟ್ಟಿಗೆ ಒತ್ತಿ ಮುನ್ನೋಟವನ್ನು ತೆರೆಯಿರಿ. ಮೂಲೆಯನ್ನು ಹಿಡಿದು ಎಳೆಯಿರಿ. ಟ್ಯಾಬ್ ಕೀಲಿಯಿಂದ ಒಂದೊಂದು ಚೌಕಕ್ಕೂ ಹೋಗಿರಿ. ಅಕ್ಷರದ ಗಾತ್ರವನ್ನು ಹೆಚ್ಚಿಸಿ, ‘ಒಟ್ಟು ಮೊತ್ತ’ದ ಒತ್ತುಗಳು ಉಳಿದಿವೆಯೇ ಎಂದು ಮತ್ತೊಮ್ಮೆ ಪರೀಕ್ಷಿಸಿರಿ.