ತಂದೆ ಬಿಟ್ಟುಹೋದ ಮನೆ: ಮಾರುವ ಅಧಿಕಾರ ಯಾರಿಗಿದೆ?



ರಮಝಾನ್ ಬಂದಾಗ ನಾವು ಝಕಾತ್‌ನ ಲೆಕ್ಕ ಹಾಕುತ್ತೇವೆ. ಕೈಯಲ್ಲಿರುವ ಹಣ, ಚಿನ್ನ, ಕೊಡಬೇಕಾದ ಸಾಲ ಎಲ್ಲವನ್ನೂ ಬರೆದು ನೋಡುತ್ತೇವೆ. ಆದರೆ ನಮ್ಮಲ್ಲಿ ಅನೇಕರ ಮನೆಗಳಲ್ಲಿ ಇನ್ನೊಂದು ಲೆಕ್ಕ ವರ್ಷಗಟ್ಟಲೆ ಬಾಕಿ ಉಳಿದಿರುತ್ತದೆ. ಅದು ತೀರಿಹೋದ ತಂದೆಯ ಮನೆಯ ಲೆಕ್ಕ. ಊರಿನಲ್ಲಿ ಮನೆಗೆ ಬೀಗ ಬಿದ್ದಿದೆ, ಮಕ್ಕಳು ದುಬೈ, ದಮ್ಮಾಮ್, ದೋಹಾಗಳಲ್ಲಿದ್ದಾರೆ, ಒಳ್ಳೆಯ ಬೆಲೆಗೆ ಗಿರಾಕಿಯೂ ಸಿಕ್ಕಿದ್ದಾನೆ. ಆಗ ಏಳುವ ಮೊದಲ ಪ್ರಶ್ನೆ: ಹಿರಿಯ ಮಗ ಸಹಿ ಹಾಕಿದರೆ ಸಾಕಲ್ಲವೇ? ಸಾಲದು. ಯಾಕೆ ಎಂಬುದನ್ನು ಈ ಪಾಠದಲ್ಲಿ ತಿಳಿಯೋಣ.

1. ಮನೆ ಈಗ ಯಾರದು?

ತಂದೆ ಕಣ್ಣು ಮುಚ್ಚಿದ ಕ್ಷಣದಿಂದಲೇ ಮನೆಯು ಎಲ್ಲ ವಾರೀಸುದಾರರದ್ದಾಗುತ್ತದೆ. ಯಾರಿಗೆ ಎಷ್ಟು ಎಂಬುದನ್ನು ಸೂರಾ ಅನ್ನಿಸಾದ 11 ಮತ್ತು 12ನೇ ಆಯತ್‌ಗಳು ನಿಗದಿಪಡಿಸಿವೆ. ಭಾರತದಲ್ಲಿ 1937ರ ಶರೀಅತ್ ಅನ್ವಯ ಕಾಯ್ದೆಯ ಪ್ರಕಾರ ನ್ಯಾಯಾಲಯಗಳೂ ಈ ಪಾಲುಗಳನ್ನೇ ಒಪ್ಪುತ್ತವೆ.

ಒಂದು ಉದಾಹರಣೆ. ಮೃತರಿಗೆ ಪತ್ನಿ, ಇಬ್ಬರು ಗಂಡುಮಕ್ಕಳು, ಇಬ್ಬರು ಹೆಣ್ಣುಮಕ್ಕಳು ಇದ್ದಾರೆ. ಮೃತರ ತಂದೆತಾಯಿ ಬದುಕಿಲ್ಲ. ಸಾಲಗಳೆಲ್ಲ ತೀರಿದ ಮೇಲೆ ಮನೆಯಿಂದ 48 ಲಕ್ಷ ರೂಪಾಯಿ ಉಳಿಯುತ್ತದೆ. ಪತ್ನಿಗೆ ಎಂಟನೇ ಒಂದು ಪಾಲು, ಅಂದರೆ 6 ಲಕ್ಷ. ಉಳಿದ 42 ಲಕ್ಷದಲ್ಲಿ ಪ್ರತಿ ಹೆಣ್ಣುಮಗಳಿಗೆ 7 ಲಕ್ಷ, ಪ್ರತಿ ಗಂಡುಮಗನಿಗೆ 14 ಲಕ್ಷ. ಮೃತರ ತಾಯಿ ಬದುಕಿದ್ದರೆ ಅವರಿಗೂ ಆರನೇ ಒಂದು ಪಾಲು ಇದೆ.

ಹಿರಿಯ ಮಗ ಮಾರಬಹುದಾದದ್ದು ತನ್ನ ಪಾಲನ್ನು ಮಾತ್ರ. ಇಡೀ ಮನೆಯನ್ನು ಒಬ್ಬನೇ ಬರೆದುಕೊಟ್ಟರೂ ಉಳಿದವರ ಹಕ್ಕು ಹೋಗುವುದಿಲ್ಲ. ಸಹಿ ಮಾಡದ ಒಬ್ಬ ಸಹೋದರಿ ಮುಂದೆ ದಾವೆ ಹೂಡಿದರೆ ಕೊಂಡವನೂ ಮಾರಿದವನೂ ಕೋರ್ಟು ಅಲೆಯಬೇಕಾಗುತ್ತದೆ.

2. ಪಾಲಿಗಿಂತ ಮೊದಲು ಸಾಲ

ಅಂತ್ಯಕ್ರಿಯೆಯ ಖರ್ಚು, ಸಾಲ, ನಂತರ ಮೂರನೇ ಒಂದು ಭಾಗವನ್ನು ಮೀರದ ವಸಿಯ್ಯತ್. ಇವೆಲ್ಲ ಕಳೆದ ಮೇಲೆಯೇ ಪಾಲು. ಎರಡು ಸಾಲಗಳನ್ನು ನಾವು ಸಾಮಾನ್ಯವಾಗಿ ಮರೆಯುತ್ತೇವೆ. ಒಂದು, ತಾಯಿಗೆ ಕೊಡದೆ ಉಳಿದ ಮಹ್ರ್. ಅದು ತಂದೆಯ ಮೇಲಿನ ಸಾಲ, ಅವರ ಎಂಟನೇ ಪಾಲಿನಲ್ಲಿ ಅದನ್ನು ಸೇರಿಸಬಾರದು. ಇನ್ನೊಂದು, ಗಲ್ಫ್‌ನಿಂದ ಮಗ ಕಳಿಸಿದ ಹಣ. ತಂದೆಯ ಹೆಸರಿನಲ್ಲಿರುವ ಮನೆಗೆ ಮಗ ಕಾಂಕ್ರೀಟ್ ಹಾಕಿಸಿದ್ದರೂ ದಾಖಲೆಯಲ್ಲಿ ಮನೆ ತಂದೆಯದೇ. ಸಾಲವಾಗಿ ಕೊಟ್ಟದ್ದಕ್ಕೆ ಬರಹ ಅಥವಾ ಸಾಕ್ಷಿ ಇದ್ದರೆ ಅದನ್ನು ಮೊದಲು ತೀರಿಸಬೇಕು. ಪ್ರೀತಿಯಿಂದ ಕೊಟ್ಟದ್ದನ್ನು ಪಾಲು ಮಾಡುವ ದಿನ ಸಾಲವೆಂದು ಹೇಳುವಂತಿಲ್ಲ. ಸಾಲವನ್ನು ಬರೆದಿಡಬೇಕೆಂದು ಸೂರಾ ಅಲ್ ಬಕರದ 282ನೇ ಆಯತ್ ಕಲಿಸುವುದು ಇಂತಹ ಜಗಳಗಳನ್ನು ತಡೆಯಲಿಕ್ಕಾಗಿಯೇ.

3. ಯಾವ ಕಾಗದದಿಂದ ಅಧಿಕಾರ ಬರುವುದಿಲ್ಲ?

• ತಂದೆ ಬದುಕಿದ್ದಾಗ ಕೊಟ್ಟ ಅಧಿಕಾರ ಪತ್ರ. ಕೊಟ್ಟವರ ಮರಣದೊಂದಿಗೆ ಅದೂ ಮುಗಿಯುತ್ತದೆ. ಅದನ್ನು ಬಳಸಿ ಸಹಿ ಮಾಡುವುದು ಅಪರಾಧಕ್ಕೆ ದಾರಿ.
• ಒಬ್ಬನ ಹೆಸರಿಗೆ ಆದ ಪೌತಿ ಖಾತೆ. ಅದು ಕಂದಾಯದ ದಾಖಲೆ ಮಾತ್ರ, ಇತರರ ಒಡೆತನವನ್ನು ಅಳಿಸುವುದಿಲ್ಲ.
• ಉತ್ತರಾಧಿಕಾರ ಪ್ರಮಾಣಪತ್ರ, ಅಂದರೆ ಸಕ್ಸೆಶನ್ ಸರ್ಟಿಫಿಕೇಟ್. ಅದು ಬ್ಯಾಂಕಿನ ಹಣ, ಷೇರು, ಬರಬೇಕಾದ ಸಾಲಗಳಿಗೆ. ಮನೆಗಲ್ಲ.
• ಜಮಾಅತಿನ ಪತ್ರ. ಕುಟುಂಬದವರು ಯಾರೆಂದು ತಿಳಿಯಲು ಸಹಾಯವಾದೀತು, ಮಾರಲು ಅಧಿಕಾರ ಕೊಡದು.

4. ಊರಿನಲ್ಲಿ ಮಾಡಬೇಕಾದದ್ದು

ಮೊದಲು ಮರಣ ಪ್ರಮಾಣಪತ್ರ. ನಂತರ ನಾಡಕಚೇರಿಯ ಮೂಲಕ ವಂಶವೃಕ್ಷ. ಇದರಲ್ಲಿ ತಾಯಿ, ಮದುವೆಯಾಗಿ ಹೋದ ಸಹೋದರಿಯರು, ಇನ್ನೊಬ್ಬ ಪತ್ನಿ ಮತ್ತು ಅವರ ಮಕ್ಕಳಿದ್ದರೆ ಅವರು, ಯಾರ ಹೆಸರೂ ಬಿಡಬಾರದು. ಬಿಟ್ಟ ಒಂದು ಹೆಸರು ಮುಂದಿನ ವ್ಯಾಜ್ಯದ ಬೀಜ. ಆಮೇಲೆ ಮೂಲ ಕ್ರಯಪತ್ರ, ಋಣಭಾರ ಪ್ರಮಾಣಪತ್ರ, ತೆರಿಗೆ ರಶೀದಿ, ಪಂಚಾಯತ್ ಅಥವಾ ನಗರಸಭೆಯಲ್ಲಿ ಎಲ್ಲ ವಾರೀಸುದಾರರ ಹೆಸರಿಗೆ ಖಾತೆ. ಕೊನೆಗೆ ಉಪನೋಂದಣಾಧಿಕಾರಿ ಕಚೇರಿಯಲ್ಲಿ ಎಲ್ಲರೂ ಸೇರಿ ಮಾಡುವ ಕ್ರಯಪತ್ರ. ಇದನ್ನು ಬರೆಸುವ ಮೊದಲು ಊರಿನ ವಕೀಲರಿಗೆ ದಾಖಲೆ ತೋರಿಸಿರಿ.

5. ನೀವು ಊರಿಗೆ ಹೋಗಲಾಗದಿದ್ದರೆ

ರಜೆ ಸಿಗದಿದ್ದರೆ ನಂಬಿಕಸ್ತರೊಬ್ಬರಿಗೆ ಅಧಿಕಾರ ಪತ್ರ, ಅಂದರೆ ಪವರ್ ಆಫ್ ಅಟಾರ್ನಿ ಕೊಡಬಹುದು. ನೀವಿರುವ ದೇಶದ ಭಾರತೀಯ ರಾಯಭಾರ ಕಚೇರಿ ಅಥವಾ ಕಾನ್ಸುಲೇಟ್‌ನ ಅಧಿಕಾರಿಯ ಮುಂದೆ ಸಹಿ ಮಾಡಿ ದೃಢೀಕರಿಸಿಕೊಳ್ಳಬೇಕು. ರೂಮಿನಲ್ಲಿ ಕುಳಿತು ಸಹಿ ಹಾಕಿ ಊರಿಗೆ ಹೋಗುವವರ ಕೈಯಲ್ಲಿ ಕಳಿಸಿದ ಕಾಗದ ನೋಂದಣಿಗೆ ನಡೆಯದು. ಪತ್ರ ಕರ್ನಾಟಕಕ್ಕೆ ತಲುಪಿದ 3 ತಿಂಗಳೊಳಗೆ ಅದಕ್ಕೆ ಮುದ್ರಾಂಕ ಶುಲ್ಕ ಕಟ್ಟಿಸಬೇಕು.

ಎಲ್ಲ ಆಸ್ತಿಗೂ ಅನ್ವಯಿಸುವ ಪತ್ರ ಬೇಡ. ಈ ಒಂದು ಮನೆಯ ಸರ್ವೇ ನಂಬರು, ಬಾಗಿಲು ನಂಬರು, ಚೆಕ್‌ಬಂದಿ, ನಿಮ್ಮ ಪಾಲು, ಹಣ ಯಾವ ಖಾತೆಗೆ ಬರಬೇಕು ಎಂಬುದನ್ನು ಬರೆಸಿರಿ. ಖಾಲಿ ಹಾಳೆಗೆ ಯಾರು ಕೇಳಿದರೂ ಸಹಿ ಮಾಡಬೇಡಿ. ಅನಿವಾಸಿಯ ಪಾಲಿನಿಂದ ಕೊಳ್ಳುವವನು ಆದಾಯ ತೆರಿಗೆ ಕಡಿತ ಮಾಡಬೇಕಾಗುತ್ತದೆ. ಆದ್ದರಿಂದ ಪಾನ್ ಕಾರ್ಡ್ ಮತ್ತು ಎನ್‌ಆರ್‌ಒ ಖಾತೆ ಸಿದ್ಧವಿರಲಿ.

6. ಯತೀಮ್ ಮಕ್ಕಳ ಪಾಲು

ವಾರೀಸುದಾರರಲ್ಲಿ 18 ತುಂಬದ ಮಕ್ಕಳಿದ್ದರೆ ವಿಶೇಷ ಎಚ್ಚರ ಬೇಕು. ಮುಸ್ಲಿಂ ಕಾನೂನಿನಲ್ಲಿ ತಾಯಿಯಾಗಲಿ, ಅಣ್ಣನಾಗಲಿ, ಚಿಕ್ಕಪ್ಪನಾಗಲಿ ತಾವಾಗಿಯೇ ಮಗುವಿನ ಆಸ್ತಿಗೆ ಪೋಷಕರಾಗುವುದಿಲ್ಲ. ಮಗುವನ್ನು ಸಾಕುತ್ತಿರುವವರು ಅವರೇ ಆದರೂ ಅದರ ಪಾಲಿನ ಸ್ಥಿರಾಸ್ತಿಯನ್ನು ಮಾರಲು ಅವರಿಗೆ ಅಧಿಕಾರವಿಲ್ಲ. 1890ರ ಪೋಷಕರು ಮತ್ತು ಪಾಲ್ಯರ ಕಾಯ್ದೆಯಡಿ ನ್ಯಾಯಾಲಯದಿಂದ ಪೋಷಕರಾಗಿ ನೇಮಕಗೊಂಡು, ಮಾರಾಟಕ್ಕೆ ಅನುಮತಿ ಪಡೆಯಬೇಕು. ಇದಕ್ಕೆ ಸಮಯ ಹಿಡಿಯುತ್ತದೆ, ಗಿರಾಕಿ ಕೈತಪ್ಪಲೂಬಹುದು. ಆದರೆ ಯತೀಮರ ಸೊತ್ತನ್ನು ಅನ್ಯಾಯವಾಗಿ ತಿನ್ನುವವರು ಹೊಟ್ಟೆಗೆ ಬೆಂಕಿಯನ್ನೇ ತುಂಬಿಕೊಳ್ಳುತ್ತಾರೆಂಬ ಎಚ್ಚರಿಕೆ ಬಂದಿರುವುದು ಪಾಲಿನ ಆಯತ್‌ಗೆ ತಕ್ಷಣ ಮೊದಲು ಎಂಬುದನ್ನು ಗಮನಿಸಿರಿ.

7. ಸಹೋದರಿಯ ಸಹಿ

"ಅವಳ ಮದುವೆಗೆ ಅಷ್ಟು ಖರ್ಚು ಮಾಡಿದ್ದೇವೆ, ಇನ್ನೇನು ಪಾಲು?" ಎಂಬ ಮಾತು ನಮ್ಮಲ್ಲಿ ಇದೆ. ಮದುವೆಯ ಖರ್ಚು ಪಾಲಿಗೆ ವಜಾ ಆಗುವುದಿಲ್ಲ. ಸಹೋದರಿ ತಾನಾಗಿ ಬಿಟ್ಟುಕೊಡಲು ಬಯಸಿದರೆ ನೋಂದಾಯಿತ ಹಕ್ಕು ಬಿಡುಗಡೆ ಪತ್ರ ಮಾಡಬಹುದು. ಆದರೆ ಮೊದಲು ಆಕೆಯ ಪಾಲು ಎಷ್ಟು ಲಕ್ಷ ಎಂದು ಅಂಕಿ ಬರೆದು ಆಕೆಯ ಕೈಗೆ ಕೊಡಿ. ತನಗೆ ಎಷ್ಟು ಬರುತ್ತದೆಂದು ತಿಳಿಯದವಳ ಮೌನವನ್ನು, ತವರಿನ ಬಾಗಿಲು ಮುಚ್ಚೀತೆಂಬ ಭಯದಿಂದ ಹಾಕಿದ ಸಹಿಯನ್ನು, ಒಪ್ಪಿಗೆಯೆಂದು ಎಣಿಸಬೇಡಿ.

ಈ ರಮಝಾನ್‌ನಲ್ಲಿ ಮಾಡೋಣ

ಒಂದು ಸಂಜೆ ಎಲ್ಲ ಒಡಹುಟ್ಟಿದವರನ್ನೂ ತಾಯಿಯನ್ನೂ ಫೋನಿನಲ್ಲಿ ಒಟ್ಟು ಸೇರಿಸಿರಿ. ವಾರೀಸುದಾರರ ಪಟ್ಟಿ ಬರೆಯಿರಿ. ತಂದೆಯ ಸಾಲಗಳ ಪಟ್ಟಿ ಬರೆಯಿರಿ. ಒಬ್ಬ ಆಲಿಮ್ ಅವರಿಂದ ಪಾಲುಗಳ ಲೆಕ್ಕ ಮಾಡಿಸಿ ಎಲ್ಲರಿಗೂ ಓದಿ ಹೇಳಿರಿ. ಮಾರುವ ಅಧಿಕಾರ ಹುಟ್ಟುವುದು ಅವರೆಲ್ಲರ ತಿಳಿದ ಒಪ್ಪಿಗೆಯಿಂದ. ಉಳಿದ ಕಾಗದಗಳು ಆ ಒಪ್ಪಿಗೆಯ ಸಾಕ್ಷಿ ಮಾತ್ರ.

ನಮ್ಮ ತಂದೆತಾಯಿಯರ ಕಬರನ್ನು ಅಲ್ಲಾಹನು ವಿಶಾಲಗೊಳಿಸಲಿ. ಅವರು ಬಿಟ್ಟುಹೋದದ್ದನ್ನು ಹಕ್ಕುದಾರರಿಗೆ ತಲುಪಿಸುವ ತೌಫೀಕ್ ನಮಗೆ ನೀಡಲಿ. ಆಮೀನ್.