ಪಾಲುದಾರಿಕೆ ಪತ್ರ ಬರೆಸಿದರೆ ಸಾಲದು, ಸಂಸ್ಥೆಯನ್ನೂ ನೋಂದಾಯಿಸಿ

ಇಬ್ಬರು ಗೆಳೆಯರು ಸೇರಿ ದಾವಣಗೆರೆಯಲ್ಲಿ ಸಿಮೆಂಟು, ಕಬ್ಬಿಣದ ಅಂಗಡಿ ಇಟ್ಟಿದ್ದಾರೆ ಎಂದುಕೊಳ್ಳಿ. ಛಾಪಾ ಕಾಗದದ ಮೇಲೆ ಪಾಲುದಾರಿಕೆ ಪತ್ರ ಬರೆಸಿ ನೋಟರಿ ಮಾಡಿಸಿದ್ದಾರೆ. ಸಂಸ್ಥೆಯ ಹೆಸರಿನಲ್ಲಿ ಪ್ಯಾನ್ ಇದೆ, ಜಿಎಸ್‌ಟಿ ಸಂಖ್ಯೆ ಇದೆ, ಪಾಲಿಕೆಯ ವ್ಯಾಪಾರ ಪರವಾನಗಿಯೂ ಇದೆ. ಗುತ್ತಿಗೆದಾರನೊಬ್ಬ ಆರು ಲಕ್ಷ ರೂಪಾಯಿಯ ಮಾಲನ್ನು ಉದ್ರಿ ಒಯ್ದು ಹಣ ಕೊಡಲಿಲ್ಲ. ದಾವೆ ಹೂಡಿದಾಗ ಅವನ ವಕೀಲರು ಬಾಕಿಯ ಮಾತನ್ನೇ ಎತ್ತುವುದಿಲ್ಲ. ‘ಈ ಸಂಸ್ಥೆ ನೋಂದಣಿಯೇ ಆಗಿಲ್ಲ’ ಎನ್ನುತ್ತಾರೆ. ಅದು ನಿಜವಾಗಿದ್ದರೆ ದಾವೆ ಅಲ್ಲಿಗೇ ಬಿದ್ದುಹೋಗುತ್ತದೆ.

ಇದಕ್ಕೆ ಕಾರಣ 1932ರ ಭಾರತೀಯ ಪಾಲುದಾರಿಕೆ ಕಾಯ್ದೆಯ 69ನೇ ಕಲಂ. ಸಂಸ್ಥೆಯನ್ನು ನೋಂದಾಯಿಸಲೇಬೇಕು ಎಂದು ಈ ಕಾಯ್ದೆ ಹೇಳುವುದಿಲ್ಲ, ನೋಂದಾಯಿಸದಿದ್ದರೆ ದಂಡವೂ ಇಲ್ಲ. ಹಾಗಾಗಿಯೇ ಸಾವಿರಾರು ಅಂಗಡಿ, ಹೋಟೆಲು, ಮಿಲ್ಲುಗಳು ಇದರ ಗೊಡವೆಗೇ ಹೋಗಿಲ್ಲ. ಆದರೆ ನೋಂದಣಿಯಾಗದ ಸಂಸ್ಥೆ ವ್ಯವಹಾರದ ಒಪ್ಪಂದದಿಂದ ಹುಟ್ಟಿದ ಹಕ್ಕಿಗಾಗಿ ಹೊರಗಿನವರ ಮೇಲೆ ದಾವೆ ಹೂಡುವಂತಿಲ್ಲ. ಪಾಲುದಾರ ತನ್ನ ಲಾಭದ ಪಾಲಿಗಾಗಿ ಇನ್ನೊಬ್ಬ ಪಾಲುದಾರನ ಮೇಲೂ ಹೂಡುವಂತಿಲ್ಲ. ಸಂಸ್ಥೆಯನ್ನು ವಿಸರ್ಜಿಸಿ ಲೆಕ್ಕ ಕೊಡಿಸಿ ಎಂದು ಕೇಳುವ ದಾರಿಯೊಂದು ಮಾತ್ರ ಅವನಿಗೆ ತೆರೆದಿರುತ್ತದೆ. ಸಣ್ಣ ಬಾಕಿಗಳಿಗೆ ಕಾಯ್ದೆ ಕೊಟ್ಟಿರುವ ವಿನಾಯಿತಿಯ ಮಿತಿ ಇಂದಿಗೂ 100 ರೂಪಾಯಿ. 1932ರಲ್ಲಿ ಅದು ದೊಡ್ಡ ಮೊತ್ತವಾಗಿತ್ತು, ಈಗ ಅದರಿಂದ ಯಾವ ವ್ಯಾಪಾರಿಗೂ ಪ್ರಯೋಜನವಿಲ್ಲ. ಸಂಸತ್ತು ಈ ಮಿತಿಯನ್ನು ಏರಿಸಬೇಕಾದ ಕಾಲ ಎಂದೋ ಮೀರಿದೆ.

ಈ ನಿರ್ಬಂಧ ಒಂದು ಕಡೆಗೆ ಮಾತ್ರ. ನಿಮ್ಮಿಂದ ಹಣ ಬರಬೇಕಾದವರು ನಿಮ್ಮ ಮೇಲೆ ಧಾರಾಳವಾಗಿ ದಾವೆ ಹೂಡಬಹುದು. ಆಗ 25ನೇ ಕಲಮಿನಂತೆ ಸಂಸ್ಥೆಯ ಸಾಲಕ್ಕೆ ಪ್ರತಿಯೊಬ್ಬ ಪಾಲುದಾರನೂ ಪೂರ್ತಿ ಹೊಣೆ. ‘ನನ್ನದು ಕಾಲು ಪಾಲು ಮಾತ್ರ’ ಎಂಬ ಮಾತು ಸಾಲ ಕೊಟ್ಟವರ ಮುಂದೆ ನಡೆಯದು. ಮನೆ, ಜಮೀನುಗಳಿಗೂ ಜಪ್ತಿ ಬರಬಹುದು.

ದಾವೆ ಹಾಕಿದ ಮೇಲೆ ನೋಂದಣಿ ಮಾಡಿಸಿದರಾಯಿತು ಎಂದು ಕೆಲವರು ಹೇಳುತ್ತಾರೆ. ದೆಹಲಿ ಅಭಿವೃದ್ಧಿ ಪ್ರಾಧಿಕಾರ ಕಕ್ಷಿಯಾಗಿದ್ದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು 1998ರಲ್ಲಿ ಈ ವಾದವನ್ನು ಒಪ್ಪಲಿಲ್ಲ. ಹೂಡಿದ ದಿನವೇ ಕುಂದಿದ್ದ ದಾವೆಯನ್ನು ಅನಂತರದ ನೋಂದಣಿ ಸರಿಪಡಿಸದು. ನೋಂದಣಿ ಮಾಡಿಸಿ ಹೊಸದಾಗಿ ದಾವೆ ಹೂಡಬೇಕು, ಅದೂ ಕಾಲಮಿತಿಯೊಳಗೆ. ಉದ್ರಿ ಮಾಲಿನ ಹಣ ವಸೂಲಿಗೆ ಸಾಮಾನ್ಯವಾಗಿ ಮೂರು ವರ್ಷ. ಆ ಮೂರು ವರ್ಷ ಮೊದಲ ದಾವೆಯಲ್ಲೇ ಕಳೆದುಹೋಗುವ ಅಪಾಯವಿದೆ. ಆದ್ದರಿಂದ ಮೊದಲ ಉದ್ರಿ ಬಿಲ್ಲು ಬರೆಯುವ ಮುಂಚೆಯೇ ಈ ಕೆಲಸ ಮುಗಿಸಿಕೊಳ್ಳಿ.

ಕಂಪನಿ ಮತ್ತು ಸೀಮಿತ ಹೊಣೆಗಾರಿಕೆ ಪಾಲುದಾರಿಕೆಗಳ (ಎಲ್‌ಎಲ್‌ಪಿ) ನೋಂದಣಿ ಕೇಂದ್ರ ಸರ್ಕಾರದ ಕೈಯಲ್ಲಿದೆ. ಪಾಲುದಾರಿಕೆ ಸಂಸ್ಥೆಯ ನೋಂದಣಿ ರಾಜ್ಯದ್ದು. ಕರ್ನಾಟಕದಲ್ಲಿ ಇದು ನೋಂದಣಿ ಮತ್ತು ಮುದ್ರಾಂಕ ಇಲಾಖೆಯ ಕೆಲಸ, ನೀವು ಕಾಣಬೇಕಾದವರು ಜಿಲ್ಲಾ ನೋಂದಣಾಧಿಕಾರಿ. ಇಲಾಖೆಯ ಕಾವೇರಿ ಜಾಲತಾಣದಲ್ಲಿಯೂ ಈ ಸೇವೆ ಇದೆ. ಉಪ ನೋಂದಣಾಧಿಕಾರಿ ಕಚೇರಿಯಲ್ಲಿ ಪಾಲುದಾರಿಕೆ ಪತ್ರವನ್ನು ದಸ್ತಾವೇಜಾಗಿ ನೋಂದಾಯಿಸುವುದು ಬೇರೆ, ಸಂಸ್ಥೆಯನ್ನು ನೋಂದಾಯಿಸುವುದು ಬೇರೆ. 69ನೇ ಕಲಂ ಕೇಳುವುದು ಎರಡನೆಯದನ್ನು.

ಅರ್ಜಿಯಲ್ಲಿ ಏನಿರಬೇಕೆಂದು 58ನೇ ಕಲಂ ಹೇಳುತ್ತದೆ: ಸಂಸ್ಥೆಯ ಹೆಸರು, ಮುಖ್ಯ ಸ್ಥಳ, ಶಾಖೆಗಳಿದ್ದರೆ ಅವುಗಳ ಸ್ಥಳ, ಪ್ರತಿ ಪಾಲುದಾರ ಸೇರಿದ ದಿನಾಂಕ, ಎಲ್ಲರ ಪೂರ್ಣ ಹೆಸರು ಮತ್ತು ಕಾಯಂ ವಿಳಾಸ, ಸಂಸ್ಥೆಯ ಅವಧಿ. ಎಲ್ಲ ಪಾಲುದಾರರೂ ಸಹಿ ಹಾಕಬೇಕು. ಜೊತೆಗೆ ಪಾಲುದಾರಿಕೆ ಪತ್ರ, ಗುರುತಿನ ಚೀಟಿಗಳು, ಅಂಗಡಿಯ ಬಾಡಿಗೆ ಕರಾರು ಇಲ್ಲವೇ ಸ್ವಂತ ಕಟ್ಟಡದ ದಾಖಲೆ ಬೇಕಾಗುತ್ತವೆ. ಹೆಸರು, ವಿಳಾಸಗಳು ಎಲ್ಲ ದಾಖಲೆಗಳಲ್ಲೂ ಒಂದೇ ತೆರನಾಗಿರಲಿ.

ಪಾಲುದಾರಿಕೆ ಪತ್ರ ಬರೆಸುವಾಗ ಬೆರಳಚ್ಚುಗಾರರ ಸಿದ್ಧ ನಮೂನೆಗೆ ಸುಮ್ಮನೆ ಸಹಿ ಹಾಕಬೇಡಿ. ಪತ್ರ ಮೌನವಾಗಿರುವಲ್ಲಿ ಕಾಯ್ದೆ ತನ್ನ ನಿಯಮವನ್ನು ತುಂಬುತ್ತದೆ. ಹಣ ಯಾರು ಎಷ್ಟೇ ಹಾಕಿರಲಿ, ಲಾಭ ನಷ್ಟ ಸಮಪಾಲು. ದಿನವಿಡೀ ಗಲ್ಲಾಪೆಟ್ಟಿಗೆ ನೋಡಿಕೊಳ್ಳುವವನಿಗೂ ಸಂಬಳ ಕೇಳುವ ಹಕ್ಕಿಲ್ಲ. ಒಬ್ಬ ಪಾಲುದಾರ ತೀರಿಕೊಂಡರೆ ಸಂಸ್ಥೆಯೇ ವಿಸರ್ಜನೆಯಾಗುತ್ತದೆ. ಉಳಿದವರು ವ್ಯಾಪಾರ ಮುಂದುವರಿಸಬೇಕು, ತೀರಿಕೊಂಡವನ ಹೆಂಡತಿ ಮಕ್ಕಳಿಗೆ ಇಷ್ಟು ಹಣ ಇಷ್ಟು ದಿನದೊಳಗೆ ಸಲ್ಲಬೇಕು ಎಂದು ಬರೆಸಿಟ್ಟರೆ ಎರಡು ಮನೆಗಳ ನಡುವಿನ ವ್ಯಾಜ್ಯ ತಪ್ಪುತ್ತದೆ.

ಹೊಸಬರು ಬಂದಾಗ, ಹಳಬರು ಬಿಟ್ಟಾಗ ನೋಂದಣಾಧಿಕಾರಿಯ ಸಂಸ್ಥೆಗಳ ರಿಜಿಸ್ಟರಿನಲ್ಲಿ ಬದಲಾವಣೆ ದಾಖಲಾಗಬೇಕು. ರಿಜಿಸ್ಟರಿನಲ್ಲಿ ಹೆಸರಿಲ್ಲದ ಪಾಲುದಾರ ದಾವೆಯಲ್ಲಿದ್ದರೆ ಮತ್ತೆ ಅದೇ ತೊಡಕು. ಬಿಟ್ಟುಹೋದವರಂತೂ ನೋಂದಣಾಧಿಕಾರಿಗೆ ತಿಳಿಸಿ, ರಾಜ್ಯಪತ್ರ ಮತ್ತು ಸ್ಥಳೀಯ ಭಾಷೆಯ ಪತ್ರಿಕೆಯಲ್ಲಿ ಪ್ರಕಟಣೆ ಕೊಡಿಸಿಕೊಳ್ಳಲಿ. ಇಲ್ಲದಿದ್ದರೆ ಮುಂದಿನವರು ಮಾಡುವ ಸಾಲವೂ ಅವರ ಕೊರಳಿಗೆ ಬೀಳಬಹುದು.

ಸಣ್ಣ ಉದ್ದಿಮೆಗಳ ಉದ್ಯಮ್ ನೋಂದಣಿ ಮಾಡಿಸಿದ್ದರೆ ಸಾಕು ಎಂದುಕೊಳ್ಳಬೇಡಿ. ಅದು ಸಂಸ್ಥೆಯ ನೋಂದಣಿಗೆ ಬದಲಿ ಅಲ್ಲ.

ಸಂಸ್ಥೆಗಳ ರಿಜಿಸ್ಟರನ್ನು ಯಾರು ಬೇಕಾದರೂ ಶುಲ್ಕ ಕಟ್ಟಿ ನೋಡಬಹುದು, ದೃಢೀಕೃತ ನಕಲು ಪಡೆಯಬಹುದು. ಬೇರೊಂದು ಸಂಸ್ಥೆಯ ಜೊತೆ ದೊಡ್ಡ ವ್ಯವಹಾರಕ್ಕೆ ಇಳಿಯುವ ಮುನ್ನ ಆ ನಕಲು ತರಿಸಿ, ನಿಮ್ಮೆದುರು ಸಹಿ ಹಾಕುತ್ತಿರುವವರ ಹೆಸರು ಪಾಲುದಾರರ ಪಟ್ಟಿಯಲ್ಲಿದೆಯೇ ನೋಡಿಕೊಳ್ಳಿ.