ಗಾಡಿ ಮಾರಿದರೆ ನಂಬರು ಯಾರಿಗೆ?

ಮೂಡಿಗೆರೆ ಕಡೆ ಗಾಡಿಗೆ ಬೇರೆ ಹೆಸರು ಬೇಕಾಗಿಲ್ಲ, ನಂಬರೇ ಹೆಸರು. "ಟೂ ಸೆವೆನ್ ಟೂ ಸೆವೆನ್ ಈಗ ತಾನೇ ಹೋಯ್ತು" ಅಂದರೆ ಸಾಕು, ಯಾವ ತೋಟದ ಜೀಪು, ಸ್ಟೀರಿಂಗ್ ಹಿಡಿದವರು ಯಾರು, ಹೊರಟಿದ್ದು ಕೊಟ್ಟಿಗೆಹಾರಕ್ಕೋ ಪೇಟೆಗೋ ಎಲ್ಲಾ ಕೇಳಿದವರಿಗೆ ಗೊತ್ತಾಗುತ್ತೆ. ಇಪ್ಪತ್ತು ವರ್ಷ ಒಂದೇ ನಂಬರು ನೋಡಿದ ಮನೆಯಲ್ಲಿ ಗಾಡಿ ಮಾರುವ ಮಾತು ಬಂದಾಗ ಎಲ್ಲರೂ ಕೇಳುವುದು ಒಂದೇ: ಗಾಡಿ ಹೋದರೆ ಹೋಗಲಿ, ನಂಬರು ಇಟ್ಟುಕೊಳ್ಳೋಕೆ ಆಗುತ್ತಾ? ಹೊಸ ಕಾರಿಗೆ ಅದನ್ನೇ ಹಾಕಬಹುದಾ?

ನಮ್ಮ ಹಾಸ್ಟೆಲಿನಲ್ಲೂ ಈ ಚರ್ಚೆ ಒಂದು ರಾತ್ರಿ ಪೂರ್ತಿ ನಡೆಯಿತು. ಅರ್ಧ ಜನ "ಆಗುತ್ತೆ" ಅಂದರು, ಅರ್ಧ ಜನ "ಆಗಲ್ಲ" ಅಂದರು. ಕೊನೆಗೆ ನಾವು ಕೆಲವರು ಕಾಯ್ದೆಯನ್ನೇ ತೆಗೆದು ಓದಿದೆವು. ಓದಿದ ಮೇಲೆ ನಮಗೆ ಅನಿಸಿದ್ದು, ನಂಬರು ಉಳಿಸಿಕೊಳ್ಳುವುದು ಹೇಗೆ ಅನ್ನುವುದಕ್ಕಿಂತ ನಂಬರಿನ ಜೊತೆ ನಮ್ಮ ಹೆಸರು ಉಳಿದುಬಿಡುವುದೇ ದೊಡ್ಡ ತಲೆನೋವು.

ಮೊದಲು ಮೂಲ ವಿಷಯ. 1988ರ ಮೋಟಾರು ವಾಹನ ಕಾಯ್ದೆಯ 41ನೇ ಸೆಕ್ಷನ್ ಪ್ರಕಾರ ನೋಂದಣಿ ಅಧಿಕಾರಿ ನಂಬರು ಕೊಡುವುದು ವಾಹನಕ್ಕೆ, ಮಾಲೀಕನಿಗಲ್ಲ. ಡಿಬಿಎಂಎಸ್ ಕ್ಲಾಸಿನ ಭಾಷೆಯಲ್ಲಿ ಹೇಳುವುದಾದರೆ, ಒಂದು ಟೇಬಲ್ ಇದೆ ಅಂದುಕೊಳ್ಳಿ. ಒಂದೊಂದು ಸಾಲು ಒಂದೊಂದು ಗಾಡಿ. ಚಾಸಿಸ್ ನಂಬರು, ಎಂಜಿನ್ ನಂಬರು, ನೋಂದಣಿ ನಂಬರು, ಇವು ಮೂರೂ ಆ ಸಾಲಿಗೆ ಅಂಟಿಕೊಂಡಿರುತ್ತವೆ. ಮಾಲೀಕನ ಹೆಸರು ಮಾತ್ರ ಬದಲಾಗುವ ಕಾಲಂ. ಗಾಡಿ ಮಾರಿದಾಗ ಅಪ್‌ಡೇಟ್ ಆಗುವುದು ಆ ಒಂದು ಕಾಲಂ. ನಂಬರು ಇದ್ದಲ್ಲೇ ಇರುತ್ತೆ.

ಹಾಗಾಗಿ ಚಿಕ್ಕಮಗಳೂರಿನ ಕೆಎ-18 ಗಾಡಿ ಸಕಲೇಶಪುರದವರಿಗೆ ಮಾರಿದರೂ ಕೆಎ-46 ಆಗುವುದಿಲ್ಲ, ಮಂಗಳೂರಿಗೆ ಹೋದರೂ ಕೆಎ-19 ಆಗುವುದಿಲ್ಲ. ಕರ್ನಾಟಕದ ಒಳಗೆ ಎಲ್ಲಿಗೆ ಹೋದರೂ ಅದೇ ನಂಬರು. ರಾಜ್ಯ ದಾಟಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಕಾಲ ಅಲ್ಲೇ ಉಳಿದರೆ ಮಾತ್ರ 47ನೇ ಸೆಕ್ಷನ್ ಪ್ರಕಾರ ಅಲ್ಲಿನ ಹೊಸ ನಂಬರು ಪಡೆಯಬೇಕು. ಅದಕ್ಕೆ ಇಲ್ಲಿಂದ ಎನ್‌ಓಸಿ ಬೇಕು, ಅದರ ಅರ್ಜಿ ಫಾರಂ 28. ಹದಿನೈದು ವರ್ಷ ಆದಮೇಲೆ ನಮ್ಮ ಸ್ವಂತ ಗಾಡಿಯ ನೋಂದಣಿ ನವೀಕರಿಸಿದರೂ ನಂಬರು ಬದಲಾಗುವುದಿಲ್ಲ. ಈ ಭಯ ತುಂಬಾ ಮನೆಗಳಲ್ಲಿ ಇದೆ, ಅದಕ್ಕೇ ಹೇಳಿದೆವು.

"ಪ್ಲೇಟ್ ಬಿಚ್ಚಿ ಹೊಸ ಗಾಡಿಗೆ ಹಾಕಿದ್ರೆ ಯಾರಿಗೆ ಗೊತ್ತಾಗುತ್ತೆ ಮಾರಾಯ?" ಅಂತ ಒಬ್ಬ ಕೇಳಿದ. ಎಲ್ಲರಿಗೂ ಗೊತ್ತಾಗುತ್ತೆ. 2019ರ ಏಪ್ರಿಲ್ 1ರಿಂದ ಹೊಸ ಗಾಡಿಗಳೆಲ್ಲ ಎಚ್‌ಎಸ್‌ಆರ್‌ಪಿ ಪ್ಲೇಟಿನ ಜೊತೆಗೇ ಬರುತ್ತಿವೆ. ಅದಕ್ಕೂ ಹಳೆಯ ಗಾಡಿಗಳಿಗೆ ಕರ್ನಾಟಕ 2023ರಲ್ಲಿ ಅದನ್ನು ಕಡ್ಡಾಯ ಮಾಡಿತು, ಗಡುವು ಮುಂದೆ ಮುಂದೆ ಹೋಗಿದ್ದು ನಿಮಗೆ ನೆನಪಿರಬಹುದು. ಈ ಪ್ಲೇಟಿನಲ್ಲಿ ಲೇಸರ್‌ನಿಂದ ಕೊರೆದ ಬೇರೆಯದೇ ಒಂದು ಸಂಖ್ಯೆ ಇದೆ. ಅದು ವಾಹನ್ ಡೇಟಾಬೇಸಿನಲ್ಲಿ ಆ ಒಂದೇ ಗಾಡಿಗೆ ಸೇರಿಕೊಂಡಿರುತ್ತೆ. ಹಿಂದಿನ ಪ್ಲೇಟಿನ ಸ್ನ್ಯಾಪ್ ಲಾಕ್ ಒಮ್ಮೆ ತೆಗೆದರೆ ಮುರಿಯುತ್ತೆ, ಮತ್ತೆ ಹಾಕೋಕೆ ಬರುವ ಸ್ಕ್ರೂ ಅಲ್ಲ. ಒಂದು ಗಾಡಿಯ ನಂಬರು ಇನ್ನೊಂದರ ಮೇಲೆ ಹಾಕಿ ಓಡಿಸಿದರೆ ಅದು ಬರೀ ಫೈನ್ ಕಟ್ಟಿ ಮುಗಿಯುವ ವಿಷಯವಲ್ಲ, ಪೊಲೀಸ್ ಕೇಸು.

ಹಾಗಾದರೆ ಕಾನೂನು ಪ್ರಕಾರ ನಂಬರು ಉಳಿಸಿಕೊಳ್ಳುವುದು ಅನ್ನುವುದೇ ಇಲ್ಲವಾ? ಜಗತ್ತಿನಲ್ಲಿ ಇದೆ. ಬ್ರಿಟನ್ನಿನಲ್ಲಿ ಡಿವಿಎಲ್‌ಎ ಅನ್ನುವ ಸಂಸ್ಥೆಗೆ 80 ಪೌಂಡ್ ಕಟ್ಟಿದರೆ ನಂಬರನ್ನು ಗಾಡಿಯಿಂದ ಬೇರೆ ಮಾಡಿ ನಿಮ್ಮ ಹೆಸರಿಗೆ ಒಂದು ಸರ್ಟಿಫಿಕೇಟ್ ಕೊಡುತ್ತಾರೆ. ಅದು ಹತ್ತು ವರ್ಷ ನಡೆಯುತ್ತೆ. ಅಷ್ಟರೊಳಗೆ ಇನ್ನೊಂದು ಗಾಡಿಗೆ ಹಾಕಬಹುದು, ಇಲ್ಲ ಮತ್ತೆ ನವೀಕರಿಸಬಹುದು. ಮಾರಿದ ಗಾಡಿಗೆ ಬೇರೆ ನಂಬರು ಬರುತ್ತೆ. ನಮ್ಮ ದೇಶದಲ್ಲೂ ದೆಹಲಿ, ಗುಜರಾತಿನಂಥ ರಾಜ್ಯಗಳು ಇದೇ ರೀತಿ ಹಳೆಯ ನಂಬರನ್ನು ಅದೇ ಮಾಲೀಕನ ಹೊಸ ಗಾಡಿಗೆ ಕೊಡುವ ವ್ಯವಸ್ಥೆ ಮಾಡಿವೆ. ಅಂದರೆ ಇದು ರಾಜ್ಯದ ನಿಯಮಕ್ಕೆ ಬಿಟ್ಟ ವಿಷಯ. ಎಲ್ಲಿಯೇ ಆಗಲಿ ಒಂದು ಲಾಜಿಕ್ ಮಾತ್ರ ಬದಲಾಗುವುದಿಲ್ಲ: ಅರ್ಜಿ ಕೊಡಬೇಕಾದವರು ಮಾಲೀಕರು, ಆರ್‌ಸಿ ಬದಲಾದ ಮರುದಿನ ನಾವು ಮಾಲೀಕರೇ ಅಲ್ಲ. ಆದ್ದರಿಂದ ಚಿಕ್ಕಮಗಳೂರಿನ ಆರ್‌ಟಿಓ ಕೌಂಟರಿನಲ್ಲಿ ನಂಬರಿನ ಬಗ್ಗೆ ಏನೇ ಕೇಳುವುದಿದ್ದರೂ ಮಾರಾಟದ ಫಾರಂಗೆ ಸೈನ್ ಹಾಕುವ ಮೊದಲೇ ಕೇಳಿ.

ನಮ್ಮ ಕಡೆ ಹೆಚ್ಚಿನ ಜನ ಹಿಡಿಯುವ ದಾರಿ ಬೇರೆ. ಕೊನೆಯ ನಾಲ್ಕು ಅಂಕಿಯನ್ನು ಮಾತ್ರ ಉಳಿಸಿಕೊಳ್ಳುವುದು. ಸೀರೀಸ್ 1ರಿಂದ 9999ರವರೆಗೆ ಓಡುತ್ತೆ, ಆಮೇಲೆ ಮುಂದಿನ ಅಕ್ಷರದಲ್ಲಿ ಮತ್ತೆ ಶುರು. ಹಾಗಾಗಿ ಹಳೆಯ ಗಾಡಿಯ 2727 ಹೊಸ ಸೀರೀಸಿನಲ್ಲೂ ಒಂದು ಬರಲೇಬೇಕು. ಹೊಸ ಕಾರು ನೋಂದಣಿ ಆಗುವ ಮೊದಲು ಶುಲ್ಕ ಕಟ್ಟಿ ಅದನ್ನು ಕೇಳಬಹುದು. ತುಂಬಾ ಜನ ಕೇಳುವ ಫ್ಯಾನ್ಸಿ ನಂಬರು ಆದರೆ ಹರಾಜು. ಹರಾಜಿನ ಹುಚ್ಚು ಎಲ್ಲಿಗೆ ಹೋಗಬಹುದು ಅಂದರೆ, 2025ರಲ್ಲಿ ಪಕ್ಕದ ಕೇರಳದಲ್ಲಿ ಒಂದು 0007ಕ್ಕೆ ಸುಮಾರು 46 ಲಕ್ಷ ಕೊಟ್ಟರು. ಆ ದುಡ್ಡಲ್ಲಿ ನಮ್ಮ ಇಡೀ ಸೆಕ್ಷನ್‌ಗೆ ಬೈಕ್ ಬರುತ್ತಿತ್ತೇನೋ. ನಮ್ಮ 2727ಗೆ ಅಷ್ಟು ಪೈಪೋಟಿ ಇರಲಿಕ್ಕಿಲ್ಲ. ಅಕ್ಷರ ಬದಲಾಗುತ್ತೆ ನಿಜ, ಆದರೆ ಊರಲ್ಲಿ ಗಾಡಿ ಗುರುತು ಹಿಡಿಯುವವರು ಅಕ್ಷರ ಎಲ್ಲಿ ಓದುತ್ತಾರೆ?

ಮಲೆನಾಡಿನಲ್ಲಿ ಇನ್ನೊಂದು ವಿಷಯ ಹೇಳಲೇಬೇಕು, ಹಳೆಯ ಜೀಪುಗಳದ್ದು. 1989ರಲ್ಲಿ ಕೆಎ ಪದ್ಧತಿ ಬರುವ ಮೊದಲಿನ ಮೂರು ಅಕ್ಷರದ ಪ್ಲೇಟು ಇನ್ನೂ ಕೆಲವು ತೋಟದ ಶೆಡ್ಡುಗಳಲ್ಲಿ ಕಾಣುತ್ತೆ. ನಮ್ಮ ಗೆಳೆಯನೊಬ್ಬನಿಗೆ ಅವನ ದೊಡ್ಡಪ್ಪ ಫೋನಿನಲ್ಲೇ ಅಂದರು: "ಅದೆಂಥದೋ ವಿಂಟೇಜ್ ಅಂತ ಬಂದಿದೆಯಂತಲ್ಲ, ನಮ್ಮ ಜೀಪಿಗೆ ಮಾಡಿಸಿಬಿಡು. ನಂಬರೂ ಉಳಿಯುತ್ತೆ, ಕಾಫಿ ಮೂಟೆನೂ ಹೊರಬಹುದು." ಬಂದಿರುವುದು ಹೌದು. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ಐವತ್ತು ವರ್ಷ ದಾಟಿದ ಬೈಕು, ಕಾರುಗಳಿಗೆ ವಿಂಟೇಜ್ ನೋಂದಣಿಯ ನಿಯಮ ತಂದಿತು. ಮೊದಲೇ ನೋಂದಣಿ ಆಗಿದ್ದರೆ ಹಳೆಯ ನಂಬರೇ ಉಳಿಯುತ್ತೆ, ಹೊಸದಾಗಿ ನೋಂದಣಿ ಮಾಡಿಸಿದರೆ ವಿಎ ಅಕ್ಷರದ ಸೀರೀಸ್. ಆದರೆ ಎರಡು ಷರತ್ತು. ಚಾಸಿಸ್, ಬಾಡಿ, ಎಂಜಿನ್ ಮೂಲದಲ್ಲಿ ಇದ್ದ ಹಾಗೇ ಇರಬೇಕು, ಮತ್ತು ದಿನನಿತ್ಯ ರಸ್ತೆಯಲ್ಲಿ ಓಡಿಸುವ ಹಾಗಿಲ್ಲ. ದೊಡ್ಡಪ್ಪನ ಜೀಪಿನ ಪೆಟ್ರೋಲ್ ಎಂಜಿನ್ ಯಾವತ್ತೋ ಇಳಿಸಿ ಡೀಸೆಲ್ ಕೂರಿಸಿದ್ದಾರೆ. ಮೂಟೆ ಹೊರುವ ಜೀಪಿಗೆ ಈ ನಿಯಮ ಅಲ್ಲ ಅಂತ ಅವನು ಹೇಳಿದ್ದಕ್ಕೆ "ಹಾಗಾದ್ರೆ ಅದೆಂಥ ರೂಲ್ಸು, ದುಡಿಯೋ ಗಾಡಿಗೆ ಬೆಲೆ ಇಲ್ವಾ?" ಅಂದರಂತೆ. ಅವರ ಪ್ರಶ್ನೆ ನಮಗೂ ಸರಿ ಅನಿಸಿತು.

ಅಜ್ಜನ ಹೆಸರಿನಲ್ಲಿರುವ ಗಾಡಿ ಮನೆಯಲ್ಲೇ ಉಳಿಯುವುದಾದರೆ ಏನೂ ಕಷ್ಟವಿಲ್ಲ. ಅಜ್ಜ ತೀರಿಕೊಂಡಿದ್ದರೆ ಮೂವತ್ತು ದಿನದೊಳಗೆ ಆರ್‌ಟಿಓಗೆ ತಿಳಿಸಿ, ಮೂರು ತಿಂಗಳೊಳಗೆ ಫಾರಂ 31 ಕೊಟ್ಟರೆ ಆರ್‌ಸಿ ವಾರಸುದಾರರ ಹೆಸರಿಗೆ ಬರುತ್ತೆ. ನಂಬರು ಅದೇ.

ಈಗ ನಾವು ಮೊದಲೇ ಹೇಳಿದ ತಲೆನೋವು. ಗಾಡಿ ಮಾರುವಾಗ ನಮ್ಮ ಕಡೆ ನಡೆಯುವುದು ಹೀಗೆ: ಫಾರಂ 29, ಫಾರಂ 30 ಎರಡಕ್ಕೂ ಖಾಲಿ ಇರುವಾಗಲೇ ಸೈನ್ ಹಾಕಿ, ಕೀ ಜೊತೆ ಬ್ರೋಕರ್ ಕೈಗೆ ಕೊಟ್ಟು, ದುಡ್ಡು ಎಣಿಸಿಕೊಂಡು ಮನೆಗೆ ಬರುವುದು. ಬ್ರೋಕರ್ ತನ್ನ ಹೆಸರಿಗೆ ಮಾಡಿಕೊಳ್ಳದೆ ಇನ್ನೊಬ್ಬರಿಗೆ ಕೊಡುತ್ತಾನೆ, ಅವರು ಮತ್ತೊಬ್ಬರಿಗೆ. ಟೇಬಲಿನಲ್ಲಿ ಮಾಲೀಕನ ಕಾಲಂ ಹಾಗೇ ಇದೆ, ಅಲ್ಲಿ ನಮ್ಮ ಅಪ್ಪನ ಹೆಸರು. ಇಂಥದ್ದೇ ಒಂದು ಕೇಸು ಸುಪ್ರೀಂ ಕೋರ್ಟಿಗೆ ಹೋಗಿತ್ತು. ಕಾರು ಕೈಯಿಂದ ಕೈಗೆ ಹಲವು ಸಲ ಮಾರಾಟವಾಗಿತ್ತು, ಆರ್‌ಸಿ ಮಾತ್ರ ಮೊದಲಿನವರ ಹೆಸರಿನಲ್ಲೇ ಇತ್ತು. 2009ರಲ್ಲಿ ಅಪಘಾತವಾಯಿತು. 2018ರ ಫೆಬ್ರವರಿಯಲ್ಲಿ ಕೋರ್ಟು ಹೇಳಿದ್ದು ಇಷ್ಟು: ದಾಖಲೆಯಲ್ಲಿ ಯಾರ ಹೆಸರಿದೆಯೋ ಕಾನೂನಿನ ದೃಷ್ಟಿಯಲ್ಲಿ ಅವರೇ ಮಾಲೀಕರು, ಪರಿಹಾರದ ಹೊಣೆಯೂ ಅವರದ್ದೇ. ಅಪಘಾತದಲ್ಲಿ ನೊಂದವರು ಐದು ಜನ ಕೊಳ್ಳುವವರ ಹಿಂದೆ ಅಲೆಯಬಾರದು ಅನ್ನುವುದು ಅದರ ಹಿಂದಿನ ಯೋಚನೆ, ಅದು ನ್ಯಾಯವೇ. ಆದರೆ ವರ್ಷಗಳ ಹಿಂದೆ ಮಾರಿ ಮರೆತ ಮನೆಗೆ ಚಾರ್ಮಾಡಿ ಘಾಟಿನ ಅಪಘಾತದ ನೋಟಿಸು ಬಂದರೆ ತೋಟ ಅಡವಿಡುವ ಪರಿಸ್ಥಿತಿ ಬರಬಹುದು.

ಕಾಯ್ದೆಯ 50ನೇ ಸೆಕ್ಷನ್ ಇದಕ್ಕೆ ದಾರಿ ಕೊಟ್ಟಿದೆ. ರಾಜ್ಯದೊಳಗಿನ ಮಾರಾಟ ಆದರೆ ಮಾರಿದವರು ಹದಿನಾಲ್ಕು ದಿನದೊಳಗೆ ತಿಳಿಸಬೇಕು, ಕೊಂಡವರು ಮೂವತ್ತು ದಿನದೊಳಗೆ. "ಅದೆಲ್ಲ ಕೊಂಡವರ ಕೆಲಸ" ಅನ್ನುವುದು ತಪ್ಪು, ಮೊದಲ ಗಡುವು ನಮ್ಮದೇ. ಫಾರಂ ತುಂಬಿಸಿಯೇ ಸೈನ್ ಹಾಕಿ, ಕೊಂಡವರ ಗುರುತಿನ ಚೀಟಿಯ ಪ್ರತಿ, ಗಾಡಿ ಕೊಟ್ಟ ದಿನ, ಗಂಟೆ ಬರೆದ ರಸೀದಿ ಇಟ್ಟುಕೊಳ್ಳಿ. ಆಮೇಲೆ ವಾಹನ್ ವೆಬ್‌ಸೈಟಿನಲ್ಲಿ ನಂಬರು ಹಾಕಿ ಹೆಸರು ಬದಲಾಗಿದೆಯಾ ಅಂತ ನೋಡುತ್ತಿರಿ. ಡೀಲರ್‌ಗೆ ಕೊಡುವುದಾದರೆ ಆರ್‌ಟಿಓ ಅನುಮತಿ ಇರುವವರಿಗೇ ಕೊಡುವುದು ಒಳ್ಳೆಯದು. 2023ರ ಏಪ್ರಿಲ್‌ನಿಂದ ಜಾರಿಯಾದ ನಿಯಮದಲ್ಲಿ ಗಾಡಿ ಅವರಿಗೆ ಒಪ್ಪಿಸಿದ್ದನ್ನು ಆನ್‌ಲೈನಿನಲ್ಲಿ ದಾಖಲಿಸಿದರೆ, ಮುಂದಿನವರು ಸಿಗುವ ತನಕ ಹೊಣೆ ಅವರದ್ದು.

ನಂಬರು ಬಿಟ್ಟುಕೊಡಲು ಬೇಜಾರಾದವರಿಗೆ ಒಂದು ಸಮಾಧಾನ ಇದೆ. ಇನ್ಶೂರೆನ್ಸಿನ ನೋ ಕ್ಲೇಮ್ ಬೋನಸ್ ಗಾಡಿಗೆ ಸೇರಿದ್ದಲ್ಲ, ಮನುಷ್ಯನಿಗೆ ಸೇರಿದ್ದು. ಕ್ಲೇಮ್ ಮಾಡದೆ ಐದು ವರ್ಷ ಓಡಿಸಿದ್ದರೆ ಶೇಕಡ 50ರವರೆಗೂ ರಿಯಾಯಿತಿ. ಗಾಡಿ ಮಾರಿದ ಮೇಲೆ ಕಂಪನಿಯಿಂದ ಅದರ ಪತ್ರ ಬರೆಸಿಕೊಂಡರೆ ಮೂರು ವರ್ಷದೊಳಗೆ ಕೊಳ್ಳುವ ಹೊಸ ಕಾರಿಗೆ ಬಳಸಬಹುದು. ಎಷ್ಟೋ ಜನ ಇದನ್ನು ಕೇಳುವುದೇ ಇಲ್ಲ, ಪಾಲಿಸಿ ಪೇಪರ್ ಸಮೇತ ಗಾಡಿ ಕೊಟ್ಟುಬಿಡುತ್ತಾರೆ.

ಮತ್ತೆ ಗಾಜಿನ ಮೇಲಿನ ಫಾಸ್ಟ್ಯಾಗ್. ಅದು ಗಾಡಿಯ ನಂಬರಿಗೆ ಸೇರಿದ್ದು, ಆದರೆ ದುಡ್ಡು ಹೋಗುವುದು ನಮ್ಮ ಖಾತೆಯಿಂದ. ಕೀ ಕೊಡುವ ದಿನವೇ ಬ್ಯಾಂಕಿಗೆ ಹೇಳಿ ಕ್ಲೋಸ್ ಮಾಡಿಸಿ. ಇಲ್ಲವಾದರೆ ಕೊಂಡವರು ಬೆಂಗಳೂರಿಗೆ ಹೊರಟಾಗೆಲ್ಲ ಹಾಸನದ ಹತ್ತಿರ ಶಾಂತಿಗ್ರಾಮದ ಟೋಲಿನಿಂದ ಅಪ್ಪನ ಮೊಬೈಲಿಗೆ ಮೆಸೇಜು ಬರುತ್ತಿರುತ್ತೆ.